ಒಂದೇ ಅಕ್ಕಿ, ಹಲವು ಬೆಲೆ

ಗಂಗಾವತಿ, ಸಿಂಧನೂರುಗಳ ಸೀಮೆಯಲ್ಲಿ ತುಂಗಭದ್ರೆಯ ಕಾಲುವೆಯ ನೀರುಂಡು ಬೆಳೆದ ಸೋನಾಮಸೂರಿ ಅಕ್ಕಿಯು ಸಮುದ್ರವನ್ನು ದಾಟಿ ಅಮೆರಿಕದ ಭಾರತೀಯ ದಿನಸಿ ಅಂಗಡಿಯನ್ನು ಸೇರುವ ವೇಳೆಗೆ ಅದರ ಬೆಲೆ ಇಲ್ಲಿಯದರ ಇಮ್ಮಡಿಯನ್ನು ಮೀರಿರುವುದು ಸಾಮಾನ್ಯ. ಹಡಗಿನ ಬಾಡಿಗೆಯೇ ಇದಕ್ಕೆ ಕಾರಣವೆಂದು ಭಾವಿಸುವವರುಂಟು. ಆದರೆ ಕಂಟೇನರೊಂದರಲ್ಲಿ ಇಪ್ಪತ್ತು ಟನ್ನಿಗೂ ಮಿಕ್ಕಿ ಅಕ್ಕಿ ಹಿಡಿಯುವುದರಿಂದ ಕಿಲೋ ಒಂದರ ಮೇಲೆ ಬೀಳುವ ಆ ಭಾರ ಅಷ್ಟು ದೊಡ್ಡದಲ್ಲ. ಬೆಲೆ ಬಹುಮಟ್ಟಿಗೆ ಬೆಳೆಯುವುದು ಆ ನಾಡಿನ ನೆಲವನ್ನು ಮುಟ್ಟಿದ ಮೇಲೆ: ಉಗ್ರಾಣ, ವಿಮೆ, ಅಂಗಡಿಯ ಬಾಡಿಗೆ, ಎಲ್ಲಕ್ಕಿಂತ ಮಿಗಿಲಾಗಿ ವೇತನ. ಮೂಟೆಯನ್ನು ಇಳಿಸಿಡುವ ಶ್ರಮ ಎಲ್ಲಿಯಾದರೂ ಒಂದೇ. ಆದರೂ ಯಂತ್ರೋದ್ಯಮದ ಉತ್ಪಾದಕತೆ ಹಿರಿದಾಗಿರುವ ದೇಶದಲ್ಲಿ ಕಾರ್ಖಾನೆಯ ವೇತನವೇರಿ, ಆಳನ್ನು ಉಳಿಸಿಕೊಳ್ಳಬೇಕಾದ ಅಂಗಡಿಯವನೂ ಅದಕ್ಕೆ ಸಮೀಪದ ಸಂಬಳವನ್ನು ಕೊಡಬೇಕಾಗುತ್ತದೆ. 1964ರಲ್ಲಿ ಬೇಲಾ ಬಲಾಸಾ, ಪಾಲ್ ಸ್ಯಾಮ್ಯುಯೆಲ್ಸನ್ ಎಂಬ ಅರ್ಥಶಾಸ್ತ್ರಜ್ಞರು ಬೇರೆಬೇರೆಯಾಗಿ ಪ್ರತಿಪಾದಿಸಿದ ತತ್ತ್ವವಿದು. ಅಮೆರಿಕದಲ್ಲಿ ಆಹಾರಕ್ಕೆ ತೆರುವ ಪ್ರತಿ ಡಾಲರಿನಲ್ಲಿ ರೈತನಿಗೆ ಸಲ್ಲುವುದು ಹದಿನೈದು ಸೆಂಟಿನ ಆಸುಪಾಸು.

ಇದರ ಮೇಲೆ ರಾಜ್ಯಶಕ್ತಿಯ ಕೈವಾಡ. ಜಗತ್ತಿನ ಅಕ್ಕಿ ವ್ಯಾಪಾರದ ಸುಮಾರು ನೂರಕ್ಕೆ ನಲವತ್ತು ಪಾಲನ್ನು ಪೂರೈಸುವ ಭಾರತವು ದೇಶದೊಳಗಿನ ಬೆಲೆಗೆ ಅಂಜಿ 2022ರ ಸೆಪ್ಟೆಂಬರಿನಲ್ಲಿ ನುಚ್ಚಿನ, 2023ರ ಜುಲೈ 20ರಂದು ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ನಿಷೇಧಿಸಿತು. ಅಮೆರಿಕದ ಅಂಗಡಿಗಳಲ್ಲಿ ನಮ್ಮವರು ಮೂಟೆಗಳಿಗಾಗಿ ಮುಗಿಬಿದ್ದ ದೃಶ್ಯವನ್ನು ಪತ್ರಿಕೆಗಳು ಹಿರಿದಾಗಿ ಪ್ರಕಟಿಸಿದವು. ನುಚ್ಚಕ್ಕಿಯನ್ನೇ ನಿತ್ಯಾನ್ನವಾಗಿ ಉಣ್ಣುವ ಸೆನೆಗಲ್ಲಿನ ಜನರ ಕಳವಳಕ್ಕೆ ಅಷ್ಟು ಸ್ಥಳ ದೊರೆಯದೆ ಹೋದುದು ವಿಷಾದಕರ. ಜಪಾನಿನಲ್ಲಿಯಾದರೋ ಸರಕಾರವು 1970ರ ದಶಕದಿಂದ ದಶಕಗಳ ಕಾಲ ಭತ್ತದ ಬೆಳೆಯನ್ನು ಬೇಕೆಂದೇ ತಗ್ಗಿಸುತ್ತ, ನಿಗದಿತ ಪ್ರಮಾಣವನ್ನು ಮೀರಿದ ವಿದೇಶೀ ಅಕ್ಕಿಗೆ ಕಿಲೋಗೆ 341 ಯೆನ್ ಸುಂಕವನ್ನು ವಿಧಿಸುತ್ತ ಬಂದಿದೆ. ಆದಕಾರಣ 2025ರಲ್ಲಿ, ಭಾರತದ ನಿರ್ಬಂಧ ತೆರವಾಗಿ ಜಾಗತಿಕ ಧಾರಣೆ ಕುಸಿಯುತ್ತಿದ್ದ ಹೊತ್ತಿನಲ್ಲಿಯೇ, ಅಲ್ಲಿ ಐದು ಕಿಲೋ ಅಕ್ಕಿ 4,000 ಯೆನ್ನನ್ನು ದಾಟಿತು.

ಧಾರಣೆ ಇಳಿದರೂ ಅಂಗಡಿಯ ಬೆಲೆ ಅದರೊಡನೆ ಇಳಿಯದು. ಒಮ್ಮೆ ಏರಿದ ವೇತನವೂ ಬಾಡಿಗೆಯೂ ಹಿಂದಿರುಗುವುದು ಅಪರೂಪವಾದುದರಿಂದ ಪ್ರತಿಯೊಂದು ಆಘಾತವೂ ತನ್ನ ಶೇಷವನ್ನು ಬೆಲೆಯಲ್ಲಿ ಉಳಿಸಿಹೋಗುತ್ತದೆ. ಆ ಶೇಷದ ಹೊರೆ ಎಲ್ಲರಿಗೂ ಸಮವಲ್ಲ. 2022-23ರ ಸಮೀಕ್ಷೆಯಂತೆ ಭಾರತದ ಗ್ರಾಮೀಣ ಕುಟುಂಬವು ತನ್ನ ವೆಚ್ಚದಲ್ಲಿ ನೂರಕ್ಕೆ 46ರಷ್ಟನ್ನು ಆಹಾರಕ್ಕೇ ವ್ಯಯಿಸುತ್ತದೆ; ಅಕ್ಕಿ ಕಿಲೋಗೆ ಐದು ರೂಪಾಯಿ ಏರಿತೆಂದರೆ, ಭತ್ತವನ್ನು ನೆಟ್ಟ ಕೂಲಿಯವಳ ಮನೆಯಲ್ಲಿಯೇ ಮೊದಲು ಬೇಳೆಯನ್ನೋ ಹಾಲನ್ನೋ ಕಡಮೆಮಾಡಬೇಕಾಗುತ್ತದೆ.