ಸಂಪತ್ತಿನ ವೃದ್ಧಿಯೂ ದಾರಿದ್ರ್ಯದ ನಿವಾರಣೆಯೂ

ಕಳಲೆಯೆಂದೊಡನೆ ಹದಿನೆಂಟನೆಯ ಶತಮಾನದಲ್ಲಿ ಮೈಸೂರಿನ ರಾಜ್ಯಭಾರವನ್ನು ಕೈಯಲ್ಲಿ ಹಿಡಿದಿದ್ದ ದಳವಾಯಿಗಳು ನಮ್ಮ ನೆನಪಿಗೆ ಬರುವರು. ಅಂಥ ಊರಿನಲ್ಲಿಯೂ ದಳವಾಯಿಯ ಬೊಕ್ಕಸ ತುಂಬಿದ ಮಾತ್ರಕ್ಕೆ ಆಳುಮಗನ ಗಡಿಗೆ ತುಂಬಿತೆಂದು ಹೇಳಲಾಗದು. ದೇಶದ ವರಮಾನದ ವಿಷಯದಲ್ಲಿಯೂ ಹೀಗೆಯೇ. ಉತ್ಪತ್ತಿ ಹೆಚ್ಚದೆ ಬಡತನ ನೀಗದು. ಇರುವ ಅಲ್ಪವನ್ನು ಸಮನಾಗಿ ಹಂಚಿದರೆ ಎಲ್ಲರಿಗೂ ಅಲ್ಪವೇ ದೊರೆಯುವುದು. ಆದರೆ ಹೆಚ್ಚಿದ ಉತ್ಪತ್ತಿ ಬಡವನ ಮನೆಯನ್ನು ಯಾವ ದಾರಿಯಿಂದ ಸೇರುವುದೆಂಬುದೇ ವಿಚಾರಾರ್ಹವಾದ ಪ್ರಶ್ನೆ.

ಇದಕ್ಕೆ ನಿದರ್ಶನವನ್ನು ನಾವು ದೂರದೇಶಗಳಲ್ಲಿ ಹುಡುಕಬೇಕಾಗಿಲ್ಲ. ಮೈಸೂರಿನ ಆಚೆ ಇರುವ ಮಂಡ್ಯದ ಸೀಮೆಯನ್ನು ನೋಡಿದರೆ ಸಾಕು. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ನೀರು ಕಾಲುವೆಯಿಂದ ಅಲ್ಲಿಗೆ ಹರಿಯಿತು. 1933ರಲ್ಲಿ ಸಕ್ಕರೆ ಕಂಪೆನಿ ಸ್ಥಾಪಿತವಾಯಿತು. ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ಕಬ್ಬು, ಬತ್ತ ತಲೆಯೆತ್ತಿದವು.

ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದುಷಿ 1950ರ ದಶಕದಲ್ಲಿ ಆ ಸೀಮೆಯ ಎರಡು ಹಳ್ಳಿಗಳನ್ನು ಪರೀಕ್ಷಿಸಿ, 1962ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಒಂದು ಹಳ್ಳಿಗೆ ಕಾಲುವೆಯ ನೀರು ಬಂದಿತು. ಅಲ್ಲಿ ಬೇಸಾಯ ಏಳಿಗೆಗೊಂಡಿತು. ಆದರೆ ಒಕ್ಕಲಿಗನಿಗೂ ವಂಶಪಾರಂಪರ್ಯವಾಗಿ ಅವನಲ್ಲಿ ದುಡಿಯುತ್ತಿದ್ದ ಆಳಿಗೂ ಇದ್ದ ಸಂಬಂಧ ಹಳೆಯ ರೀತಿಯಲ್ಲಿಯೇ ಉಳಿಯಿತು. ಮತ್ತೊಂದು ಎತ್ತರದ ನೆಲದಲ್ಲಿದ್ದುದರಿಂದ ಅದಕ್ಕೆ ನೀರು ಏರಲಿಲ್ಲ. ಅಲ್ಲಿಯ ಜನರು ಪಟ್ಟಣದ ನೌಕರಿ, ವ್ಯಾಪಾರಗಳನ್ನು ಅವಲಂಬಿಸಬೇಕಾಯಿತು. ಅದರೊಡನೆ ಹಳೆಯ ಬಂಧನಗಳೂ ಸಡಿಲಗೊಂಡವು. 1970ರಲ್ಲಿ ಮರಳಿ ಬಂದಾಗ, ಸ್ಥಿತಿವಂತರ ಏಳಿಗೆಯಲ್ಲಿ ತೀರ ಬಡವರಿಗೆ ಸರಿಯಾದ ಪಾಲು ದೊರೆತಿಲ್ಲವೆಂದು ಅವರು ಕಂಡರು.

ಇದರಿಂದ ತಿಳಿಯುವುದೇನು? ಭೂಮಿಯಿಲ್ಲದವನಿಗೆ ಅಭಿವೃದ್ಧಿಯು ಮುಖ್ಯವಾಗಿ ಕೂಲಿಯ ರೂಪದಲ್ಲಿಯೇ ತಲಪಬೇಕು. ಒಬ್ಬನೇ ಒಡೆಯನಿರುವಲ್ಲಿ ಬೆಳೆ ಇಮ್ಮಡಿಯಾದರೂ ಕೂಲಿ ಏರಬೇಕೆಂಬ ನಿಯಮವಿಲ್ಲ. ಗದ್ದೆ, ಕಾರ್ಖಾನೆ, ಅಂಗಡಿಗಳೆಲ್ಲ ಆಳಿಗಾಗಿ ಪೈಪೋಟಿ ನಡೆಸಿದಾಗ ಮಾತ್ರ ಅವನು, “ಈ ಕೂಲಿಗೆ ಬರಲಾರೆ” ಎಂದು ಹೇಳಬಲ್ಲನು.

ಈಗ ಕಳಲೆಗೇ ಮರಳೋಣ. ಕಪಿಲೆಗೆ 1974ರಲ್ಲಿ ಅಣೆಕಟ್ಟು ಪೂರ್ಣವಾಯಿತು; ಸಮೀಪದ ನಂಜನಗೂಡಿನಲ್ಲಿ ಕೈಗಾರಿಕೆಗಳೂ ನೆಲೆಗೊಂಡಿವೆ. ಆದರೆ ಕಾರ್ಖಾನೆಯ ಬಾಗಿಲು ಓದುಬರಹವಿಲ್ಲದ, ಆರೋಗ್ಯವಿಲ್ಲದ ಹುಡುಗನಿಗೆ ಸುಲಭವಾಗಿ ತೆರೆಯುವುದಿಲ್ಲ. ಆದುದರಿಂದ ಹೆಚ್ಚಿದ ಸಂಪತ್ತಿನಿಂದ ಸರ್ಕಾರಕ್ಕೆ ಬರುವ ತೆರಿಗೆಯ ಒಂದು ಭಾಗವು ಶಾಲೆಯಾಗಿ, ಆಸ್ಪತ್ರೆಯಾಗಿ ಹಳ್ಳಿಗೆ ಹಿಂದಿರುಗಬೇಕು. ನಾಡಿನ ಏಳಿಗೆಯನ್ನು ಅಳೆಯುವಾಗ ಒಟ್ಟು ವರಮಾನದ ಅಂಕಿಯೊಡನೆ, ಆಳಿನ ಮಗನಿಗೆ ಬೇರೊಂದು ಕೆಲಸ ದೊರೆಯಬಲ್ಲದೆ ಎಂಬುದನ್ನೂ ನಾವು ಕೇಳತಕ್ಕದ್ದು.