ಹಳೆಯ ಮಾರುತಿ ೮೦೦ ಕಾರಿನ ಬಾಳಿಕೆ ಮತ್ತು ನಿರ್ವಹಣೆ

ಮಾರುತಿ ೮೦೦ ಭಾರತದಲ್ಲಿ ೧೯೮೩ರಿಂದ ೨೦೧೪ರವರೆಗೆ ತಯಾರಾದ ಸಣ್ಣ ಕಾರು. ೧೯೮೩ರ ಡಿಸೆಂಬರ್ ೧೪ರಂದು ಅಂದಿನ ಪ್ರಧಾನಮಂತ್ರಿ ಇಂದಿರಾ ಗಾಂಧಿಯವರು ಮೊದಲ ಕಾರಿನ ಕೀಲಿಕೈಯನ್ನು ಗ್ರಾಹಕರಿಗೆ ಹಸ್ತಾಂತರಿಸಿದರು. ತಯಾರಿಕೆ ನಿಂತ ಬಳಿಕವೂ ಈ ಕಾರುಗಳು ಕೈಯಿಂದ ಕೈಗೆ ಮಾರಾಟವಾಗುತ್ತ ಬಳಕೆಯಲ್ಲಿ ಉಳಿದಿವೆ. ಹಳೆಯ ಕಾರೊಂದು ಎಷ್ಟು ನಂಬಿಕೆಗೆ ಅರ್ಹ ಎಂಬುದು ಅದರ ವಯಸ್ಸು ಅಥವಾ ಓಡಿದ ದೂರಕ್ಕಿಂತ ಹೆಚ್ಚಾಗಿ ಎರಡು ಸಂಗತಿಗಳನ್ನು ಅವಲಂಬಿಸಿದೆ: ಸವೆಯುವ ಭಾಗಗಳನ್ನು ಸಕಾಲದಲ್ಲಿ ಬದಲಾಯಿಸಿರುವುದು ಮತ್ತು ಒಡಲಿನ ತಗಡು ಗಟ್ಟಿಯಾಗಿರುವುದು.

ಎಂಜಿನ್
ಈ ಕಾರಿಗೆ ಮೂರು ಸಿಲಿಂಡರುಗಳ, ೭೯೬ ಸಿಸಿ ಸಾಮರ್ಥ್ಯದ ಪೆಟ್ರೋಲ್ ಎಂಜಿನ್ ಇದೆ. ಹಿಂದಿನ ಮಾದರಿಗಳಲ್ಲಿ ಕಾರ್ಬ್ಯುರೇಟರ್, ನಂತರದವುಗಳಲ್ಲಿ ಇಂಧನ ಚಿಮ್ಮಿಸುವ ವ್ಯವಸ್ಥೆ ಇದೆ. ರಚನೆ ಸರಳವಾದುದರಿಂದ ದುರಸ್ತಿ ಸುಲಭ. ಎಂಜಿನ್ನಿಗೆ ದೊಡ್ಡ ಅಪಾಯ ಅತಿಯಾದ ಬಿಸಿ. ಶೀತಕ ದ್ರವ ಸೋರಿ ಕಡಿಮೆಯಾದರೆ ಸಿಲಿಂಡರ್ ಹೆಡ್ ಬಾಗಿ, ಅದರ ಕೆಳಗಿನ ಗ್ಯಾಸ್ಕೆಟ್ ಒಡೆಯಬಹುದು. ಆಗ ಎಣ್ಣೆಯ ಮಟ್ಟ ಅಳೆಯುವ ಕಡ್ಡಿಯಲ್ಲಿ ಹಾಲುಬಣ್ಣದ ಜಿಡ್ಡು ಕಾಣಿಸಿಕೊಳ್ಳುವುದುಂಟು. ನೀಲಿ ಹೊಗೆ ಎಂಜಿನ್ ಎಣ್ಣೆ ಉರಿಯುತ್ತಿರುವುದನ್ನೂ, ಕಪ್ಪು ಹೊಗೆ ಪೆಟ್ರೋಲ್ ಹೆಚ್ಚಾಗಿ ಹರಿಯುತ್ತಿರುವುದನ್ನೂ ಸೂಚಿಸುತ್ತದೆ.

ರಬ್ಬರ್ ಮತ್ತು ದ್ರವಗಳು
ಕಾರು ಓಡದೆ ನಿಂತಿದ್ದರೂ ರಬ್ಬರ್ ಗಡುಸಾಗಿ ಬಿರುಕು ಬಿಡುತ್ತದೆ. ಆದ್ದರಿಂದ ಕಡಿಮೆ ಓಡಿದ ಕಾರೆಂಬ ಮಾತ್ರಕ್ಕೆ ಟೈರು, ಮೆದುಗೊಳವೆ ಮತ್ತು ಟೈಮಿಂಗ್ ಬೆಲ್ಟ್ ಚೆನ್ನಾಗಿವೆ ಎಂದು ತಿಳಿಯಲಾಗದು. ಟೈರಿನ ಬದಿಯಲ್ಲಿರುವ ನಾಲ್ಕು ಅಂಕಿಗಳು ಅದು ತಯಾರಾದ ವಾರ ಮತ್ತು ವರ್ಷವನ್ನು ತಿಳಿಸುತ್ತವೆ. ೨೩೧೮ ಎಂದರೆ ೨೦೧೮ರ ೨೩ನೆಯ ವಾರ. ಟೈಮಿಂಗ್ ಬೆಲ್ಟ್ ಹರಿದರೆ ಎಂಜಿನ್ ಒಡನೆಯೇ ನಿಲ್ಲುತ್ತದೆ. ಎಥನಾಲ್ ಬೆರೆತ ಪೆಟ್ರೋಲ್ ಹಳೆಯ ಇಂಧನ ಕೊಳವೆಗಳನ್ನು ಬೇಗ ಕೆಡಿಸಬಹುದಾದುದರಿಂದ ಅವುಗಳನ್ನು ಆಗಾಗ ಪರೀಕ್ಷಿಸುವುದು ಅಗತ್ಯ.

ಬ್ರೇಕ್ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ತೇವ ಸೇರಿದಂತೆ ಅದರ ಕುದಿಯುವ ಬಿಂದು ಇಳಿಯುತ್ತದೆ. ಘಟ್ಟದ ಇಳಿಜಾರಿನಲ್ಲಿ ಸತತವಾಗಿ ಬ್ರೇಕ್ ಒತ್ತಿದಾಗ ದ್ರವ ಕುದಿದು, ಆವಿಯ ಗುಳ್ಳೆಗಳುಂಟಾಗಿ ಬ್ರೇಕ್ ಹಿಡಿಯದೆ ಹೋಗಬಹುದು. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಇದನ್ನು ಬದಲಾಯಿಸುತ್ತಾರೆ. ಏರ್‌ಬ್ಯಾಗ್ ಇಲ್ಲದ ಈ ಕಾರಿನಲ್ಲಿ ಪ್ರಯಾಣಿಕರ ಸುರಕ್ಷತೆ ಬಹುಮಟ್ಟಿಗೆ ಬ್ರೇಕ್, ಟೈರು ಮತ್ತು ಸೀಟ್‌ಬೆಲ್ಟ್‌ಗಳನ್ನೇ ಆಶ್ರಯಿಸಿದೆ.

ತುಕ್ಕು
ಈ ಕಾರಿಗೆ ಪ್ರತ್ಯೇಕ ಚಾಸಿಸ್ ಇಲ್ಲ. ಒಡಲಿನ ತಗಡೇ ಭಾರವನ್ನು ಹೊರುತ್ತದೆ. ಹೀಗಾಗಿ ನೆಲದ ತಗಡು, ಬಾಗಿಲ ಕೆಳಗಿನ ಅಂಚು ಮತ್ತು ಸಸ್ಪೆನ್ಷನ್ ಜೋಡಣೆಯ ಸ್ಥಳಗಳಲ್ಲಿ ತುಕ್ಕು ಹಿಡಿದರೆ ಕಾರಿನ ಬಲವೇ ಕುಗ್ಗುತ್ತದೆ. ಉಪ್ಪುಗಾಳಿ ಮತ್ತು ದೀರ್ಘ ಮಳೆಗಾಲವಿರುವ ಕರಾವಳಿಯಲ್ಲಿ ಈ ಸಮಸ್ಯೆ ಹೆಚ್ಚು. ಎಂಜಿನ್ನನ್ನು ಹೊಸದಾಗಿ ಕಟ್ಟಬಹುದು; ಒಡಲು ಆಳವಾಗಿ ತುಕ್ಕು ಹಿಡಿದ ಮೇಲೆ ದುರಸ್ತಿಯ ವೆಚ್ಚ ಕಾರಿನ ಬೆಲೆಯನ್ನೂ ಮೀರಬಹುದು. ಹೊಸ ಬಣ್ಣ ತುಕ್ಕನ್ನು ಮರೆಮಾಚುವುದರಿಂದ, ಕೊಳ್ಳುವ ಮುನ್ನ ಕಾರನ್ನು ಮೇಲೆತ್ತಿಸಿ ಕೆಳಭಾಗವನ್ನು ನೋಡುವುದು ಉಚಿತ.

ನೋಂದಣಿ
ಭಾರತದಲ್ಲಿ ಖಾಸಗಿ ಕಾರಿನ ನೋಂದಣಿಯು ೧೫ ವರ್ಷಗಳವರೆಗೆ ಊರ್ಜಿತವಾಗಿರುತ್ತದೆ. ಅನಂತರ ವಾಹನದ ಕ್ಷಮತೆಯನ್ನು ಪರೀಕ್ಷಿಸಿ ಐದೈದು ವರ್ಷಗಳಿಗೆ ನವೀಕರಿಸಲಾಗುತ್ತದೆ. ಹಳೆಯ ಕಾರನ್ನು ಕೊಳ್ಳುವವರು ನೋಂದಣಿಯ ಅವಧಿ, ವಿಮೆ ಹಾಗೂ ಚಾಸಿಸ್ ಮತ್ತು ಎಂಜಿನ್ ಸಂಖ್ಯೆಗಳು ದಾಖಲೆಯೊಂದಿಗೆ ಹೊಂದುತ್ತವೆಯೇ ಎಂಬುದನ್ನು ಪರಿಶೀಲಿಸಬೇಕಾಗುತ್ತದೆ.