ಲಾರಿಯ ಮರಮುಟ್ಟಿಗೆ ನೀರು ಹೊಕ್ಕಾಗ

ಚನ್ನಗಿರಿಯ ಪೇಟೆಯಲ್ಲಿ ಅಡಕೆಯ ಚೀಲ ಹೇರಿಕೊಂಡು ನಿಂತ ಲಾರಿಯನ್ನು ನಾವೆಲ್ಲರೂ ನೋಡಿದವರೇ. ಹಣೆಯ ಮೇಲೆ ಬರೆದ ದೇವರ ಹೆಸರು, ಬದಿಯ ಹೂಬಳ್ಳಿ, ಕಟ್ಟಿದ ಕಪ್ಪು ಕುಚ್ಚು, ಇವೆಲ್ಲ ಕಣ್ಣಿಗೆ ಬೀಳುತ್ತವೆ. ಬಣ್ಣದ ಹಿಂದಿರುವ ಮರ ಮಾತ್ರ ಬೀಳುವುದಿಲ್ಲ. ನಮ್ಮ ದೇಶದಲ್ಲಿ ಬಹುಕಾಲ ಕಾರ್ಖಾನೆಯಿಂದ ಬರುತ್ತಿದ್ದುದು ಚಾಸಿ, ಎಂಜಿನ್ನು ಮತ್ತು ಮುಂಭಾಗದ ಮೂತಿ ಮಾತ್ರ. ಚಾಲಕನ ಕ್ಯಾಬಿನ್ನನ್ನೂ ಹಿಂದಿನ ತೊಟ್ಟಿಯನ್ನೂ ಊರಿನ ಬಡಗಿಗಳೂ ಕಮ್ಮಾರರೂ ಕಟ್ಟಿಕೊಡುತ್ತಿದ್ದರು. ಮರದ ಚೌಕಟ್ಟು, ಅದರ ಮೇಲೆ ಮೊಳೆ ಹೊಡೆದ ತಗಡು. ಈಗ ಕಬ್ಬಿಣದ ಕ್ಯಾಬಿನ್ನುಗಳು ಬಂದಿವೆಯಾದರೂ ಹಳೆಯ ಗಾಡಿಗಳಲ್ಲಿ, ತೊಟ್ಟಿಯ ತಳದಲ್ಲಿ ಮರ ಇನ್ನೂ ಉಳಿದಿದೆ.

ಉತ್ತರ ಹಿಂದೂಸ್ಥಾನಕ್ಕೆ ಅಡಕೆ ಒಯ್ಯುವ ಚಾಲಕನಿಗೂ ಕ್ಲೀನರಿಗೂ ದಿನಗಟ್ಟಲೆ ಆ ಕ್ಯಾಬಿನ್ನೇ ಮನೆ. ಸೀಟಿನ ಹಿಂದಿನ ಹಲಗೆಯೇ ಮಂಚ. ಸೋರುವ ಮನೆಯಲ್ಲಿ ನಾವು ಪಾತ್ರೆಯನ್ನಾದರೂ ಇಡಬಹುದು. ಓಡುವ ಮನೆಯಲ್ಲಿ ಅದೂ ಸಾಧ್ಯವಿಲ್ಲ.

ನೀರು ಬಿದ್ದ ಮಾತ್ರಕ್ಕೆ ಮರ ಕೆಡುವುದಿಲ್ಲ. ಬಾವಿಯ ತಳಕ್ಕೆ ಇಳಿಸಿದ ನೆಲ್ಲಿಯ ಹಲಗೆ ತಲೆಮಾರುಗಳ ಕಾಲ ಗಟ್ಟಿಯಾಗಿರುತ್ತದೆಯಲ್ಲ! ಮರವನ್ನು ತಿನ್ನುವುದು ಕಣ್ಣಿಗೆ ಕಾಣದ ಒಂದು ಬಗೆಯ ಬೂಷ್ಟು. ಅದಕ್ಕೆ ನೀರೂ ಬೇಕು, ಗಾಳಿಯೂ ಬೇಕು, ಹದವಾದ ಬೆಚ್ಚಗೂ ಬೇಕು. ಬಾವಿಯ ತಳದಲ್ಲಿ ಗಾಳಿಯಿಲ್ಲ, ಒಣಗಿದ ಅಟ್ಟದಲ್ಲಿ ನೀರಿಲ್ಲ. ಎರಡೂ ಕಡೆ ಮರ ಉಳಿಯುತ್ತದೆ. ಮರದಲ್ಲಿರುವ ನೀರು ಅದರ ಒಣತೂಕದ ನೂರಕ್ಕೆ 20 ಪಾಲಿಗಿಂತ ಕೆಳಗಿದ್ದರೆ ಭಯವಿಲ್ಲ. 30ರ ಸುಮಾರಿಗೆ ಬಂದು ಅಲ್ಲೇ ನಿಂತಿತೆಂದರೆ ಕುಂಬು ಹಿಡಿಯಿತೆಂದೇ ತಿಳಿಯಬೇಕು. ತಗಡಿಗೂ ಮರಕ್ಕೂ ನಡುವೆ ಹೊಕ್ಕ ನೀರಿನ ದೋಷ ಇದೇ. ಅದು ಬೇಗ ಹೊಕ್ಕು ನಿಧಾನವಾಗಿ ಆರುತ್ತದೆ. ಬಿಸಿಲಿನಲ್ಲಿ ಮೇಲ್ತಗಡು ಕಾದು ಸುಡುತ್ತಿದ್ದರೂ ಅದರಡಿಯ ಮರ ತೇವವಾಗಿರುವುದುಂಟು.

ಕುಂಬನ್ನು ಕಂಡುಹಿಡಿಯಲು ದೊಡ್ಡ ಉಪಕರಣ ಬೇಡ. ಗೋಣಿಚೀಲ ಹೊಲಿಯುವ ದಬ್ಬಳ ಸಾಕು. ಅನುಮಾನದ ಜಾಗದಲ್ಲಿ ಅದನ್ನು ಓರೆಯಾಗಿ ಚುಚ್ಚಿ ಮೇಲಕ್ಕೆ ಮೀಟಿರಿ. ಗಟ್ಟಿ ಮರವಾದರೆ ಉದ್ದನೆಯ ಸಿಬಿರು ಸದ್ದುಮಾಡುತ್ತ ಏಳುತ್ತದೆ. ಕುಂಬಾದ ಮರ ಸದ್ದಿಲ್ಲದೆ ತುಂಡುತುಂಡಾಗಿ ಮುರಿಯುತ್ತದೆ. ಸುತ್ತಿಗೆಯಿಂದ ತಟ್ಟಿದರೂ ಆಚಾರ್ರ ಕಿವಿಗೆ ಗೊತ್ತಾಗುತ್ತದೆ. ಮುಂಗಾಜಿನ ಕೆಳಗಿನ ಎರಡು ಮೂಲೆ, ಬಾಗಿಲ ಕಂಬದ ಬುಡ, ನೆತ್ತಿಯ ಮೇಲೆ ಸಾಮಾನಿಡುವ ಕಟಕಟೆಯ ಕಾಲು ಊರಿದ ಕಡೆ, ಈ ಮೂರನ್ನು ಮೊದಲು ನೋಡತಕ್ಕದ್ದು.

ಕುಂಬು ಕಂಡ ಕಡೆಯಲ್ಲೇ ನೀರು ಹೊಕ್ಕಿರಬೇಕೆಂದಿಲ್ಲ. ನೆತ್ತಿಯ ಮೊಳೆಯ ತೂತಿನಲ್ಲಿ ಇಳಿದ ಹನಿ ಅಡ್ಡಪಟ್ಟಿಯ ಗುಂಟ ಹರಿದು ಎರಡು ಮೊಳ ದೂರದಲ್ಲಿ ತೊಟ್ಟಿಕ್ಕಬಹುದು. ಆದುದರಿಂದ ಗಾಡಿಯ ಮೇಲೆ ಒಮ್ಮೆಲೇ ಬಿಂದಿಗೆ ಸುರಿದರೆ ಏನೂ ತಿಳಿಯದು. ಒಬ್ಬರು ಒಳಗೆ ಟಾರ್ಚು ಹಿಡಿದು ಕೂರಬೇಕು. ಇನ್ನೊಬ್ಬರು ಕೆಳಗಿನ ಸಂದಿನಿಂದ ಆರಂಭಿಸಿ ಒಂದೊಂದು ಸಂದಿಗೂ ಐದು ನಿಮಿಷ ನೀರು ಬಿಡುತ್ತ ಮೇಲಕ್ಕೆ ಹೋಗಬೇಕು. ಮೇಲಿನಿಂದ ಆರಂಭಿಸಿದರೆ ಎಲ್ಲ ಸಂದುಗಳೂ ಒಟ್ಟಿಗೇ ನೆನೆದು ಕಳ್ಳ ಸಿಕ್ಕುವುದಿಲ್ಲ. ಇನ್ನು, ಮುಚ್ಚಿದ ಕ್ಯಾಬಿನ್ನಿನಲ್ಲಿ ಇಬ್ಬರು ಮಲಗಿದರೆ ಅವರ ಉಸಿರಿನ ತೇವವೇ ತಣ್ಣನೆಯ ತಗಡಿಗೆ ತಗುಲಿ ನೀರಾಗುತ್ತದೆ. ಮಳೆಯಿಲ್ಲದ ಚಳಿಗಾಲದಲ್ಲಿ ಒಳತಗಡು ಒದ್ದೆಯಾದರೆ ಅದು ಸೋರಿಕೆಯಲ್ಲ. ಕಿಟಕಿಯನ್ನು ಎರಡು ಬೆರಳು ತೆರೆದು ಮಲಗುವುದೇ ಅದಕ್ಕೆ ಮದ್ದು.

ಸಾಮಾನ್ಯವಾಗಿ ನಡೆಯುವ ತಪ್ಪೆಂದರೆ ಒಳಗಡೆಯಿಂದ ಡಾಂಬರನ್ನೋ ಅಂಟನ್ನೋ ಮೆತ್ತುವುದು. ಹನಿ ನಿಲ್ಲುತ್ತದೆ, ನಿಜ; ಹೊಕ್ಕ ನೀರು ಹೊರಬರುವ ದಾರಿಯೂ ನಿಲ್ಲುತ್ತದೆ. ನಮಗೆ ಪರಿಚಯವಿದ್ದ ಲಾರಿಯೊಂದಕ್ಕೆ ಹೀಗೆಯೇ ಕುಂಬಾದ ಚೌಕಟ್ಟಿನ ಮೇಲೆ ಹೊಸ ತಗಡು ಹೊದಿಸಿ ಹೊಳೆಯುವ ಬಣ್ಣ ಹೊಡೆದಿದ್ದರು. ಒಂದೇ ಮಳೆಗಾಲ ಕಳೆಯುವುದರೊಳಗೆ ಬಾಗಿಲು ಕೀಲುಸಮೇತ ಕೈಗೆ ಬಂತು. ಬಾಗಿಲಿಗೆ ಒರಗಿಕೊಂಡಿದ್ದ ಕ್ಲೀನರು ಬದುಕಿದ್ದು ಗಾಡಿ ನಿಂತಿದ್ದ ಕಾರಣದಿಂದ.

ಸರಿಯಾದ ಕ್ರಮವೆಂದರೆ ಮೊದಲು ಸೋರಿಕೆಯನ್ನು ಹೊರಗಿನಿಂದ ನಿಲ್ಲಿಸುವುದು, ತಗಡು ಬಿಚ್ಚಿ ಮರವನ್ನು ವಾರಗಟ್ಟಲೆ ಗಾಳಿಗೆ ಬಿಡುವುದು, ಅನಂತರ ಉಳಿಗೆ ಕೈಹಾಕುವುದು. ಕುಂಬು ಕಾಣುವಷ್ಟನ್ನೇ ಅಲ್ಲದೆ ಗಟ್ಟಿ ಮರದೊಳಕ್ಕೂ ಒಂದು ಗೇಣು ಹೆಚ್ಚಾಗಿ ಕತ್ತರಿಸಬೇಕು. ಹೊಸ ತುಂಡನ್ನು ನೇರವಾಗಿ ಮುಖಾಮುಖಿ ಕೂಡಿಸಿದರೆ ಗಾಡಿಯ ಕುಲುಕಾಟಕ್ಕೆ ತಾಳದು. ಎರಡೂ ತುದಿಗಳನ್ನು ಓರೆಯಾಗಿ ಸೀಳಿ ಒಂದರ ಮೇಲೊಂದು ಕೂರಿಸಬೇಕು. ಓರೆಯ ಉದ್ದ ಮರದ ದಪ್ಪದ ಎಂಟರಷ್ಟಿರಲಿ. ಎರಡು ಅಂಗುಲದ ಪಟ್ಟಿಗೆ ಹದಿನಾರು ಅಂಗುಲ. ನೀರಿಗೆ ಬಿಡದ ಎಪಾಕ್ಸಿ ಅಂಟು, ಜೊತೆಗೆ ಬೋಲ್ಟು. ಸಾಗುವಾನಿ, ಹೊನ್ನೆ, ಮತ್ತಿ, ಯಾವುದೇ ಆಗಲಿ ಚೇಗನ್ನೇ ಆರಿಸಿರಿ. ಚೇಗಿನ ಹೊರಗಿರುವ ಬಿಳಿಮರ ಸಾಗುವಾನಿಯದಾದರೂ ಬೇಗ ಕೆಡುತ್ತದೆ. ಮರ ನೀರು ಕುಡಿಯುವುದು ಹೆಚ್ಚಾಗಿ ಕೊಯ್ದ ತುದಿಗಳಿಂದ. ಕೂಡಿಸುವ ಮೊದಲೇ ತುದಿಗಳಿಗೆ ಎರಡು ಸಲ ಬಣ್ಣ ಕುಡಿಸಬೇಕು. ಸಂದುಗಳಿಗೆ ಸೀಮೆಸುಣ್ಣದ ಪುಟ್ಟಿ ಮನೆಯ ಕಿಟಕಿಗೆ ಸರಿ, ಓಡುವ ಗಾಡಿಯಲ್ಲಿ ಬಿರಿಯುತ್ತದೆ. ರಬ್ಬರಿನಂತೆ ಬಾಗುವ ಪಾಲಿಯುರಿಥೇನ್ ಅಂಟೇ ಅಲ್ಲಿಗೆ ತಕ್ಕದ್ದು.

ಮರಕ್ಕೆ ಮದ್ದು ಕೊಡುವ ವಿದ್ಯೆಯಲ್ಲಿ ನಮ್ಮವರ ಹೆಸರೊಂದು ಲೋಕಪ್ರಸಿದ್ಧವಾಗಿದೆ. ಡೆಹರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೊಂಠಿ ಕಾಮೇಶಂ ಅವರು 1933ರಲ್ಲಿ ತಾಮ್ರ, ಕ್ರೋಮಿಯಂ, ಪಾಷಾಣಗಳನ್ನು ಕೂಡಿಸಿ ಮಾಡಿದ ದ್ರಾವಣವನ್ನು ಅನೇಕ ದೇಶಗಳು ತಂತಿಕಂಬಗಳಿಗೆ ಬಳಸಿದವು. ಆದರೆ ಅದರಲ್ಲಿ ಪಾಷಾಣವಿದೆ. ಅಮೆರಿಕದಲ್ಲಿ 2003ರ ಕೊನೆಗೆ ವಾಸದ ಕಟ್ಟಡಗಳ ಬಹುಪಾಲು ಕೆಲಸಗಳಿಗೆ ಅದನ್ನು ನಿಲ್ಲಿಸಿದರು. ಜನ ಮಲಗುವ ಕ್ಯಾಬಿನ್ನಿಗೆ ಅದು ಬೇಡ. ಅಡಕೆಯ ಕೊಳೆರೋಗಕ್ಕೆಂದು ತಂದು ಉಳಿದ ಮೈಲುತುತ್ತವನ್ನೇ ಬಳಿದರಾಗದೆ ಎಂದು ತೋಟದವರು ಕೇಳಬಹುದು. ಬೋರ್ಡೋ ದ್ರಾವಣಕ್ಕೆ ಚಾಕು ಅದ್ದಿ ಪರೀಕ್ಷಿಸುವಾಗ ಕಬ್ಬಿಣದ ಮೇಲೆ ಕೆಂಪು ಹತ್ತುವುದನ್ನು ಅವರು ಕಂಡಿದ್ದಾರೆ. ಮೊಳೆಗೂ ತಗಡಿಗೂ ಆಗುವುದು ಅದೇ. ಮರ ಉಳಿದು ಮೊಳೆ ಹೋದರೆ ಪ್ರಯೋಜನವೇನು? ಅಕ್ಕಸಾಲಿಗರ ಬಿಳಿಗಾರ 600 ಗ್ರಾಂ, ಕೇರಂ ಹಲಗೆಗೆ ಉದುರಿಸುವ ಬೋರಿಕ್ ಪುಡಿ 400 ಗ್ರಾಂ, ಇವನ್ನು ಹತ್ತು ಲೀಟರು ಬಿಸಿನೀರಿನಲ್ಲಿ ಕರಗಿಸಿ ಮೂರು ನಾಲ್ಕು ಸಲ ಬಳಿಯುವುದು ಲೇಸು. ಇದು ಮಳೆಗೆ ತೊಳೆದು ಹೋಗುವ ಮದ್ದಾದುದರಿಂದ ಒಣಗಿದ ಮೇಲೆ ಬಣ್ಣ ಕಡ್ಡಾಯ. ಮಕ್ಕಳ ಕೈಗೂ ದನಗಳ ಬಾಯಿಗೂ ಸಿಕ್ಕಬಾರದು.

ತೊಟ್ಟಿಯ ತಳದ ಹಲಗೆಯದು ಬೇರೆ ಕಥೆ. ಅಲ್ಲಿ ನೀರು ಮೇಲಿನಿಂದಷ್ಟೇ ಅಲ್ಲ, ಚಕ್ರ ಸಿಡಿಸಿದ ಕೆಸರಿನಿಂದಲೂ ಬರುತ್ತದೆ. ಟಾರ್ಪಾಲನ್ನು ಎಷ್ಟೇ ಬಿಗಿದರೂ ಅಡಿಯ ಸಾಲಿನ ಚೀಲಗಳು ತೇವ ಹೀರುತ್ತವೆ. ದಿನಗಳ ಪಯಣ ಮುಗಿದು ಚೀಲ ಬಿಚ್ಚಿದಾಗ ರಾಶಿ ಇಡಿಯ ಮೇಲೆ ಬಿಳಿಯ ಬೂಷ್ಟು ಎದ್ದಿರುತ್ತದೆ. ವರ್ಷದ ಬೆಳೆಗೆ ಧಾರಣೆ ಕುಸಿಯುವುದು ಆ ಒಂದು ಸಾಲಿನಿಂದ. ಹಲಗೆಗಳ ಅಡಿಭಾಗಕ್ಕೂ ಬಣ್ಣ ಹೊಡೆಯಬೇಕು, ಮೂಲೆಗಳಲ್ಲಿ ನೀರಿಳಿಯುವ ತೂತುಗಳನ್ನು ಕಡ್ಡಿ ಹಾಕಿ ತೆರೆದಿಡಬೇಕು.

ಈ ಕೆಲಸಕ್ಕೆ ಹೊಂದುವ ಕಾಲ ಯುಗಾದಿ ಕಳೆದು ರೋಹಿಣಿ ಮಳೆ ಬೀಳುವವರೆಗೆ. ಮರ ಆರುವುದೂ ಆಗಲೇ. ತಗಡು ಮುಚ್ಚಿದ ಮೇಲೆ ಹಿಂದಿನಂತೆಯೇ ಕೆಳಗಿನಿಂದ ಮೇಲಕ್ಕೆ ಇನ್ನೊಮ್ಮೆ ನೀರು ಬಿಟ್ಟು ನೋಡಿರಿ. ಈ ಸಲ ಒಳಗೆ ಟಾರ್ಚು ಹಿಡಿದು ಕೂರತಕ್ಕವನು ಆ ಹಲಗೆಯ ಮೇಲೆ ಮಲಗುವ ಚಾಲಕನೇ ಆಗಿರಲಿ.